ಸಂಸಾರ ಗುಟ್ಟು, ಮಗುವಿನ ಹೊಟ್ಟೆನೋವು

"ಸಂಸಾರ ಗುಟ್ಟು, ವ್ಯಾಧಿ ರಟ್ಟು" ಎಂಬ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಮನೆಯ ಮಾತು ಮನೆಯೊಳಗೇ ಇರಲಿ, ರೋಗ ಬಂದರೆ ಮಾತ್ರ ನಾಲ್ಕು ಜನಕ್ಕೆ ಹೇಳು, ಯಾರಾದರೊಬ್ಬರು ಮದ್ದು ಹೇಳಿಯಾರು ಎಂಬುದು ಹಿರಿಯರ ಲೆಕ್ಕ. ವೈದ್ಯರಾದ ನಮಗೆ ಈ ಗಾದೆಯ ಉತ್ತರಾರ್ಧ ಬಹಳ ಪ್ರಿಯ. ಕಾಯಿಲೆಯನ್ನು ವರ್ಷಗಟ್ಟಲೆ ಮುಚ್ಚಿಟ್ಟುಕೊಂಡು ಕೊನೆಗೆ ಬರುವವರನ್ನು ನೋಡಿ ನೋಡಿ ಸಾಕಾಗಿದೆ. ಪೂರ್ವಾರ್ಧದ ಮೇಲೂ ನಮಗೆ ತಕರಾರಿಲ್ಲ. ಬೀದಿಗೆ ಬಿದ್ದ ಸಂಸಾರದ ಗತಿ ಏನೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಸಂಸಾರವೇ ವ್ಯಾಧಿಯಾಗಿ ಒಂದು ಮಗುವಿನ ಹೊಟ್ಟೆಯೊಳಗೆ ಕುಳಿತಾಗ ಏನು ಮಾಡಬೇಕೆಂಬುದನ್ನು ಗಾದೆ ಹೇಳುವುದಿಲ್ಲ. ಆಗ ಅದು ಗುಟ್ಟೋ, ರಟ್ಟೋ? ಅದನ್ನು ತೀರ್ಮಾನಿಸುವ ಹಕ್ಕು ತಂದೆತಾಯಿಗೆ ಸೇರಿದ್ದೋ, ಮಗುವಿಗೆ ಸೇರಿದ್ದೋ?

ಇದು ಪುಸ್ತಕದ ಪ್ರಶ್ನೆಯಲ್ಲ. ಪಾಸಿರ್ ರಿಸ್‌ನಲ್ಲಿ ಸಂಜೆ ಪಾರ್ಕಿನ ದಂಡೆಯ ಮೇಲೆ, ಎದುರಿಗೆ ಪುಲಾವ್ ಉಬಿನ್ ಕಾಣುವಂತೆ, ನಾವು ನಡೆಯುತ್ತಿರುವಾಗ ಆಗಾಗ ನಮ್ಮ ಕನ್ನಡದವರು ಸಿಗುತ್ತಾರೆ. ಡಾಕ್ಟರೆಂದು ತಿಳಿದವರು ನಿಲ್ಲಿಸಿ ಮಾತನಾಡಿಸುತ್ತಾರೆ. ಬಿಪಿ ಮಾತ್ರೆ, ಊರಿನಿಂದ ಬಂದ ಅತ್ತೆಯವರ ಮಂಡಿನೋವು ಎಲ್ಲ ಮುಗಿದು, ಜೊತೆಗಿದ್ದವರು ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ, ದನಿ ತಗ್ಗುತ್ತದೆ. "ಡಾಕ್ಟ್ರೇ, ಸ್ಕೂಲಿಂದ ಕೌನ್ಸೆಲರ್ ಫೋನ್ ಮಾಡಿದ್ರು. ನಮ್ಮ ಹುಡುಗನ ವಿಷಯ ಮಾತಾಡಬೇಕಂತೆ. ಅವನಿಗೆ ತಲೆ ಕೆಟ್ಟಿದೆ ಅಂತಲಾ? ಇದೆಲ್ಲ ಫೈಲಿಗೆ ಹೋಗುತ್ತಾ?" ಹೀಗೆ ಕೇಳುವವರು ಅವಿದ್ಯಾವಂತರಲ್ಲ, ಬ್ಯಾಂಕಿನಲ್ಲಿ, ಸಾಫ್ಟ್‌ವೇರಿನಲ್ಲಿ ದೊಡ್ಡ ಹುದ್ದೆಯಲ್ಲಿರುವವರು. ಕಣ್ಣಿನ ಡಾಕ್ಟರ ಬಳಿಗೆ ಮಗುವನ್ನು ಕರೆದೊಯ್ಯಲು ಹೇಳಿದರೆ ಮರುದಿನವೇ ಹೊರಡುವ ಜನ, ಶಾಲೆಯ ಕೌನ್ಸೆಲರರ ಕರೆಯನ್ನು ಮಾತ್ರ ಪೊಲೀಸ್ ಠಾಣೆಯ ಕರೆಯಂತೆ ಕಾಣುತ್ತಾರೆ.

ಗೊಂದಲಕ್ಕೆ ನಮ್ಮ ಭಾಷೆಯದೂ ಒಂದಿಷ್ಟು ಪಾಲಿದೆ. ಸೋಷಿಯಲ್ ವರ್ಕರ್ ಎಂದರೆ ನಾವು ಕನ್ನಡದಲ್ಲಿ "ಸಮಾಜ ಸೇವಕ" ಎಂದುಬಿಡುತ್ತೇವೆ. ಆ ಮಾತು ಕೇಳಿದ ಕೂಡಲೆ ಕಣ್ಣೆದುರಿಗೆ ಬರುವುದು ನೋಟ್‌ಬುಕ್ ಹಂಚುತ್ತ ಫೋಟೋ ತೆಗೆಸಿಕೊಳ್ಳುವ ಯಜಮಾನರು ಅಥವಾ ಗಣೇಶನ ಹಬ್ಬದ ಬ್ಯಾನರಿನಲ್ಲಿ ಕೈಮುಗಿದು ನಿಂತ ಮಹನೀಯರು. ಇದು ಆ ಕೆಲಸವಲ್ಲ. ಇದು ಎರಡು ಮೂರು ವರ್ಷ ಓದಿ, ಹಿರಿಯರ ಕೈಕೆಳಗೆ ಪಳಗಿ, ಸಂಬಳಕ್ಕೆ ಮಾಡುವ ವೃತ್ತಿ. ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಸಮಾಜಕಾರ್ಯ ಎನ್ನುತ್ತಾರೆ. ಮಾತು ಸ್ವಲ್ಪ ಒರಟು, ಆದರೆ ಸರಿಯಾದದ್ದು. "ಸಂಬಳಕ್ಕೆ" ಎಂಬ ಪದವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಅಗತ್ಯ ಬೀಳುತ್ತದೆ.

ಈ ವೃತ್ತಿಗೂ ನಮ್ಮ ವೈದ್ಯವೃತ್ತಿಗೂ ಹಳೆಯ ನೆಂಟಸ್ತನವಿದೆ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ರಿಚರ್ಡ್ ಕ್ಯಾಬಟ್ ಎಂಬ ವೈದ್ಯರಿದ್ದರು. ಹೊರರೋಗಿಗಳ ವಿಭಾಗದಲ್ಲಿ ಕುಳಿತು ಅವರಿಗೆ ಬೇಸರ ಹತ್ತಿತು. ವಿಶ್ರಾಂತಿ ತೆಗೆದುಕೊಳ್ಳಿ ಎಂದು ಬರೆದುಕೊಟ್ಟರೆ ರೋಗಿ ನೇರವಾಗಿ ಕಾರ್ಖಾನೆಗೆ ಹೋಗುತ್ತಾನೆ. ಒಳ್ಳೆಯ ಊಟ ಮಾಡಿ ಎಂದರೆ ಮನೆಯಲ್ಲಿ ಊಟವೇ ಇಲ್ಲ. ಮನೆಯ ಸಂಗತಿ ತಿಳಿಯದೆ ಬರೆದ ಚೀಟಿ ಬರೀ ಕಾಗದ ಎಂದು ಕಂಡುಕೊಂಡು, 1905ರಲ್ಲಿ ಆಸ್ಪತ್ರೆಯೊಳಗೇ ಸಮಾಜಕಾರ್ಯಕ್ಕೆ ಜನರನ್ನು ನೇಮಿಸಿದರು. ಆಮೇಲೆ ಐಡಾ ಕ್ಯಾನನ್ ಎಂಬ, ನರ್ಸ್ ತರಬೇತಿ ಪಡೆದ ಮಹಿಳೆ ಆ ವಿಭಾಗವನ್ನು ದಶಕಗಳ ಕಾಲ ಕಟ್ಟಿ ಬೆಳೆಸಿದರು. ಇದರ ಹಿಂದೆಯೇ, 1906-07ರಲ್ಲಿ, ನ್ಯೂಯಾರ್ಕ್, ಬಾಸ್ಟನ್, ಹಾರ್ಟ್‌ಫರ್ಡ್ ನಗರಗಳಲ್ಲಿ "ಮನೆಗೆ ಹೋಗುವ ಟೀಚರ್"ಗಳು ಕೆಲಸ ಶುರುಮಾಡಿದರು. ವಲಸೆ ಬಂದ ಬಡವರ ಮಕ್ಕಳು ಶಾಲೆಗೆ ಏಕೆ ಬರುವುದಿಲ್ಲ, ಬಂದರೂ ಏಕೆ ಕಲಿಯುವುದಿಲ್ಲ ಎಂದು ಮನೆಗೆ ಹೋಗಿ ನೋಡಿಬರುವುದೇ ಅವರ ಕೆಲಸ. ಶಾಲೆಯ ಸಮಾಜಕಾರ್ಯದ ಮೂಲ ಅಲ್ಲಿದೆ. ವಲಸೆ ಬಂದವರ ಮಕ್ಕಳಿಗಾಗಿಯೇ ಅದು ಹುಟ್ಟಿತೆಂಬುದನ್ನು ನಾವು, ವಲಸೆ ಬಂದವರು, ಗಮನಿಸಬೇಕು.

ಇದು ಅಮೆರಿಕದವರ ಶೋಕಿ, ನಮ್ಮಲ್ಲಿ ಇದೆಲ್ಲ ಇಲ್ಲ ಎನ್ನುವವರಿಗೆ ಒಂದು ಮಾತು. ಬೊಂಬಾಯಿಯಲ್ಲಿ ಟಾಟಾ ಸಂಸ್ಥೆಯವರು ಸಮಾಜಕಾರ್ಯದ ಶಾಲೆ ತೆರೆದದ್ದು 1936ರಲ್ಲಿ. ಮಂಗಳೂರಿನ ರೋಶನಿ ನಿಲಯ 1960ರಿಂದ ಇದೇ ವಿದ್ಯೆ ಕಲಿಸುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯಕೀಯ ಸಮಾಜಕಾರ್ಯಕ್ಕೆ ಪ್ರತ್ಯೇಕ ವಿಭಾಗವೇ ಇದೆ. ನಮ್ಮೂರುಗಳಲ್ಲಿ ಎಂ.ಎಸ್.ಡಬ್ಲ್ಯೂ. ಓದಿದ ಹುಡುಗ ಹುಡುಗಿಯರು ಎಷ್ಟೋ ಮಂದಿ. "ಮೆಡಿಕಲ್ಲೂ ಸಿಗಲಿಲ್ಲ, ಇಂಜಿನಿಯರಿಂಗೂ ಸಿಗಲಿಲ್ಲವೇ?" ಎಂದು ಅವರನ್ನು ಮದುವೆಮನೆಗಳಲ್ಲಿ ಕೇಳಿದವರು ಮಾತ್ರ ನಮ್ಮ ನಿಮ್ಮಂಥವರೇ. ಸಿಂಗಪುರದಲ್ಲಂತೂ ವಿಶ್ವವಿದ್ಯಾಲಯದಲ್ಲಿ ಇದರ ಶಿಕ್ಷಣ 1952ರಷ್ಟು ಹಿಂದೆಯೇ ಆರಂಭವಾಯಿತು. 1976ರಲ್ಲಿ ಸ್ಟೂಡೆಂಟ್ಸ್ ಕೇರ್ ಸರ್ವಿಸ್ ಎಂಬ ಸಂಸ್ಥೆ ಹುಟ್ಟಿ ಶಾಲಾಮಕ್ಕಳ ನಡುವೆ ಕೆಲಸಕ್ಕಿಳಿಯಿತು. ಈಗ ಅದರ ಹೆಸರು ಶೈನ್. ಚಿಲ್ಡ್ರನ್ಸ್ ಸೊಸೈಟಿಯವರು 1984ರಲ್ಲಿ ಪ್ರೈಮರಿ ಮಕ್ಕಳಿಗಾಗಿಯೇ ಟಿಂಕಲ್ ಫ್ರೆಂಡ್ ಎಂಬ ಫೋನ್ ಸೇವೆ ಆರಂಭಿಸಿದರು. ಇಂದು ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ ಕೌನ್ಸೆಲರ್ ಇದ್ದಾರೆ. ಬಹಳ ದಿನ ಶಾಲೆಗೆ ಬರದ ಮಕ್ಕಳನ್ನು ಹುಡುಕಿಕೊಂಡು ಹೋಗುವುದಕ್ಕೆ ಸ್ಟೂಡೆಂಟ್ ವೆಲ್ಫೇರ್ ಆಫೀಸರುಗಳಿದ್ದಾರೆ. 2018ರಲ್ಲಿ ಅಪ್‌ಲಿಫ್ಟ್ ಎಂಬ ಕಾರ್ಯಪಡೆ ರಚನೆಯಾದ ಮೇಲೆ ಈ ಕೆಲಸಕ್ಕೆ ಇನ್ನಷ್ಟು ಒತ್ತು ಬಂದಿದೆ. ವಿಷಯ ಮನೆಯದೆಂದು ಕಂಡರೆ ಬಡಾವಣೆಯ ಫ್ಯಾಮಿಲಿ ಸರ್ವಿಸ್ ಸೆಂಟರಿನ ಸೋಷಿಯಲ್ ವರ್ಕರ್ ಬರುತ್ತಾರೆ. ಕೌನ್ಸೆಲರ್ ಮಗುವಿನ ಕಡೆಯಿಂದ ಹಿಡಿಯುತ್ತಾರೆ, ಇವರು ಮನೆಯ ಕಡೆಯಿಂದ. ಹಗ್ಗ ಒಂದೇ.

ಈಗ ಹೊಟ್ಟೆನೋವಿಗೆ ಬರೋಣ.

ಬ್ರಿಸ್ಟಲ್ಲಿನ ಮಕ್ಕಳ ವೈದ್ಯ ಜಾನ್ ಆಪ್ಲಿ 1958ರಲ್ಲಿ ಸಹೋದ್ಯೋಗಿಯೊಡನೆ 1000 ಶಾಲಾಮಕ್ಕಳನ್ನು ಪರಿಶೀಲಿಸಿ ಒಂದು ಲೇಖನ ಪ್ರಕಟಿಸಿದರು. ಮೂರು ತಿಂಗಳಿಗೂ ಹೆಚ್ಚು ಕಾಲ, ಕನಿಷ್ಠ ಮೂರು ಬಾರಿ, ಆಟಪಾಠಕ್ಕೆ ಅಡ್ಡಿಯಾಗುವಷ್ಟು ಹೊಟ್ಟೆನೋವು ಬಂದ ಮಕ್ಕಳನ್ನು ಲೆಕ್ಕ ಹಾಕಿದಾಗ ಹತ್ತರಲ್ಲಿ ಒಂದಕ್ಕಿಂತ ತುಸು ಹೆಚ್ಚು ಸಿಕ್ಕರು. ಅವರಲ್ಲಿ ಬಹುಪಾಲು ಮಕ್ಕಳ ಹೊಟ್ಟೆಯೊಳಗೆ ಹುಡುಕಿದರೂ ರೋಗವಿರಲಿಲ್ಲ. ನೋವು ಹೊಕ್ಕುಳಿನಿಂದ ದೂರ ಸರಿದಷ್ಟೂ ನಿಜವಾದ ರೋಗವಿರುವ ಸಂಭವ ಹೆಚ್ಚು ಎಂಬ ಆಪ್ಲಿಯವರ ಸೂತ್ರವನ್ನು ಇಂದಿಗೂ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತಾರೆ. ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ರೋಗವಿಲ್ಲ ಎಂದರೆ ನೋವಿಲ್ಲ ಎಂದಲ್ಲ. ಕರುಳಿಗೂ ಮಿದುಳಿಗೂ ನರಗಳ ಸಂಪರ್ಕ ದಟ್ಟವಾಗಿದೆ. ಭಯಪಟ್ಟ ಮಗುವಿನ ಕರುಳು ನಿಜವಾಗಿಯೇ ಹಿಂಡುತ್ತದೆ. "ನಾಟಕ ಮಾಡಬೇಡ" ಎಂದು ಗದರಿದರೆ ನೋವೂ ಉಳಿಯುತ್ತದೆ, ಅದರ ಮೇಲೆ ಸುಳ್ಳುಗಾರ ಎಂಬ ಹೆಸರೂ ಬರುತ್ತದೆ. ತೂಕ ಇಳಿಯುವುದು, ಜ್ವರ, ಮಲದಲ್ಲಿ ರಕ್ತ, ನಿದ್ದೆಯಿಂದ ಎಬ್ಬಿಸುವ ನೋವು, ಇವು ಇದ್ದರೆ ಮೊದಲು ವೈದ್ಯರ ಬಳಿಗೆ ಹೋಗಿ. ಇವಾವುವೂ ಇಲ್ಲದೆ ಸೋಮವಾರ ಬೆಳಿಗ್ಗೆ ಬಂದು, ಹನ್ನೊಂದು ಗಂಟೆಗೆ ಮಾಯವಾಗಿ, ಶುಕ್ರವಾರ ಸಂಜೆಯಿಂದ ಭಾನುವಾರ ಮಧ್ಯಾಹ್ನದವರೆಗೆ ಪತ್ತೆಯೇ ಇಲ್ಲದ ನೋವಿಗೆ ನಮ್ಮ ಬ್ಯಾಗಿನಲ್ಲಿ ಔಷಧವಿಲ್ಲ. ಅದಕ್ಕೆ ಯಾರಾದರೂ ಕುಳಿತು ಕೇಳಬೇಕು.

ಯಾರು ಕೇಳಬೇಕು? ತಂದೆತಾಯಿ ಕೇಳಬೇಕು ಎಂಬುದು ಸಹಜವಾದ ಉತ್ತರ. ಕೇಳಲಿ. ಆದರೆ ಎಲ್ಲವನ್ನೂ ಅವರಿಗೆ ಹೇಳಲು ಮಗುವಿಗೆ ಆಗುತ್ತದೆಯೇ ಎಂಬುದೇ ನಮ್ಮ ಪ್ರಶ್ನೆ. ನಮ್ಮ ಮನೆಗಳಲ್ಲಿ ಒಂದು ಮಾತು ಬಹಳ ಓಡಾಡುತ್ತದೆ: "ನಿನಗೋಸ್ಕರವೇ ಊರು ಬಿಟ್ಟು ಬಂದದ್ದು." ಹೇಳುವವರ ಮನಸ್ಸಿನಲ್ಲಿ ಪ್ರೀತಿಯೇ ಇದೆ. ಕೇಳಿಸಿಕೊಳ್ಳುವ ಮಗುವಿಗೆ ಮಾತ್ರ ಅದು ಸಾಲದ ಪತ್ರ. ಪ್ರಜೆಗಳಲ್ಲದವರ ಮಕ್ಕಳಿಗೆ ಇಲ್ಲಿ ಶಾಲೆಯ ಶುಲ್ಕ ಹೆಚ್ಚು, ಮನೆಯ ಬಾಡಿಗೆ ಹೆಚ್ಚು, ಅಪ್ಪನ ಪಾಸು ರದ್ದಾದರೆ 30 ದಿನದಲ್ಲಿ ಎಲ್ಲವನ್ನೂ ಕಟ್ಟಿಕೊಂಡು ಹೊರಡಬೇಕು. ಇದೆಲ್ಲವೂ ಊಟದ ಮೇಜಿನ ಮಾತಿನಲ್ಲಿ ಮಕ್ಕಳ ಕಿವಿಗೆ ಬಿದ್ದೇ ಇರುತ್ತದೆ. ಪಿಆರ್ ಪಡೆದ ಮನೆಯ ಗಂಡುಮಕ್ಕಳಿಗೆ ಮುಂದೆ ನ್ಯಾಷನಲ್ ಸರ್ವಿಸ್ ಇದೆ. ಹನ್ನೆರಡನೆಯ ವಯಸ್ಸಿಗೆ ಪಿಎಸ್‌ಎಲ್‌ಇ. ಶಾಲೆಯಲ್ಲಿ ಮಾತೃಭಾಷೆ ಎಂಬ ವಿಷಯವಿದೆ, ಅದರಲ್ಲಿ ನಮ್ಮ ಮಾತೃಭಾಷೆ ಇಲ್ಲ. ತಮಿಳನ್ನೋ, ಹಿಂದಿಯನ್ನೋ ತೆಗೆದುಕೊಂಡು, ಮನೆಯಲ್ಲಿ ಯಾರೂ ಆಡದ ಭಾಷೆಯಲ್ಲಿ ಮಗು ಮಾರ್ಕು ತರಬೇಕು.

ಇಲ್ಲಿನ ಸರ್ಕಾರದ ಬಗ್ಗೆ ನ್ಯಾಯವಾಗಿ ಒಂದು ಮಾತು ಹೇಳಬೇಕು. ಗೋ ಕೆಂಗ್ ಸ್ವೀ ಅವರ 1979ರ ವರದಿಯಿಂದ ಬಂದ ಸ್ಟ್ರೀಮಿಂಗ್ ಪದ್ಧತಿಯನ್ನು ಅವರು ಹಂತ ಹಂತವಾಗಿ ಕಳಚಿದ್ದಾರೆ. ಪ್ರೈಮರಿಯಲ್ಲಿ ಇಎಂ1, ಇಎಂ2, ಇಎಂ3 ಎಂದು ಮಕ್ಕಳನ್ನು ವಿಂಗಡಿಸುವುದು 2008ಕ್ಕೆ ನಿಂತಿತು. ಒಂದೊಂದು ಮಾರ್ಕಿಗೂ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದ ಪಿಎಸ್‌ಎಲ್‌ಇ ಟಿ-ಸ್ಕೋರ್ 2021ರಲ್ಲಿ ಹೋಯಿತು. 2024ರಿಂದ ಸೆಕೆಂಡರಿಗೆ ಸೇರುವ ಮಕ್ಕಳಿಗೆ ಎಕ್ಸ್‌ಪ್ರೆಸ್, ನಾರ್ಮಲ್ ಎಂಬ ಹಣೆಪಟ್ಟಿಯೂ ಇಲ್ಲ. ಸರ್ಕಾರ ಹಿಡಿತ ಸಡಿಲಿಸಿದರೂ ನಮ್ಮ ಡ್ರಾಯಿಂಗ್ ರೂಮುಗಳಲ್ಲಿ ಅದು ಸಡಿಲವಾದ ಲಕ್ಷಣ ಕಾಣುತ್ತಿಲ್ಲ. ಸಂಘದ ಸಮಾರಂಭಗಳಲ್ಲಿ "ಎಷ್ಟು ಬಂತು?" ಎಂಬ ಪ್ರಶ್ನೆಗೆ ಈಗಲೂ ಮಕ್ಕಳು ಚಪ್ಪಲಿ ಹುಡುಕುವ ನೆಪದಲ್ಲಿ ಹೊರಗೆ ಹೋಗುತ್ತಾರೆ.

ಸಾಲಗಾರನು ಸಾಲ ಕೊಟ್ಟವನ ಎದುರಿಗೆ "ತೀರಿಸಲಾರೆ" ಎಂದು ಹೇಳುವುದು ಬಹಳ ಕಷ್ಟ. ಮಗು ಅಪ್ಪ ಅಮ್ಮನಿಗೆ ಹೇಳಲಾರದ ಮಾತು ಹೆಚ್ಚಾಗಿ ಇದೇ. ಊರಿನಲ್ಲಿ ಇಂಥ ಮಾತಿಗೆ ಅಜ್ಜಿ ಇದ್ದಳು, ಸೋದರಮಾವ ಇದ್ದ. ಇಲ್ಲಿ ಅಜ್ಜಿ ವಿಸಿಟ್ ಪಾಸಿನಲ್ಲಿ ಬಂದು, ಹಪ್ಪಳ ಒಣಗಿಸಲು ಬಿಸಿಲು ಎಲ್ಲಿ ಎಂದು ಹುಡುಕಿ ಮುಗಿಸುವಷ್ಟರಲ್ಲಿ ಹಿಂದಿರುಗುವ ದಿನ ಬಂದಿರುತ್ತದೆ.

ಹಾಗೆಂದು ಊರಿನ ಕಾಲವನ್ನು ನಾವು ಹೊಗಳುತ್ತ ಕೂರುವುದಿಲ್ಲ. ಓದುವ ಬಡ ಹುಡುಗರಿಗೆ ನಮ್ಮ ನಾಡು ಮಾಡಿದ ಉಪಕಾರ ಸಣ್ಣದಲ್ಲ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಉಂಡು ಓದಿದರು, ಓದುತ್ತಿದ್ದಾರೆ. ಅದಕ್ಕೂ ಹಿಂದಿನಿಂದ ವಾರಾನ್ನದ ಪದ್ಧತಿ ಇತ್ತು. ಹಳ್ಳಿಯಿಂದ ಮೈಸೂರಿಗೋ ಬೆಂಗಳೂರಿಗೋ ಓದಲು ಬಂದ ಹುಡುಗ ವಾರದ ಏಳು ದಿನಕ್ಕೆ ಏಳು ಮನೆ ಗೊತ್ತುಮಾಡಿಕೊಂಡು ಊಟ ಮಾಡುತ್ತಿದ್ದ. ದೊಡ್ಡ ದೊಡ್ಡ ವಿದ್ವಾಂಸರು, ಜಡ್ಜುಗಳು, ಡಾಕ್ಟರುಗಳು ಹೀಗೆ ಬೆಳೆದವರಿದ್ದಾರೆ. ಅನ್ನವಿಟ್ಟ ತಾಯಂದಿರಿಗೆ ಕೈಮುಗಿಯಬೇಕು. ಆದರೆ ವಾರಾನ್ನದ ಹುಡುಗ ಮಂಗಳವಾರದ ಮನೆಯಲ್ಲಿ ಕುಳಿತು ತನ್ನ ಸಂಕಟ ಹೇಳಿಕೊಳ್ಳಬಹುದಾಗಿತ್ತೇ? ಬಡಿಸಿದ್ದು ಸಾಲದು ಎನ್ನುವಂತಿಲ್ಲ, ಆ ಮನೆಯ ಯಜಮಾನರು ಹೊಡೆದರೂ ಹೊರಗೆ ಹೇಳುವಂತಿಲ್ಲ. ಅನ್ನದ ಋಣ ಬಾಯಿ ಕಟ್ಟುತ್ತದೆ. ಹಾಗೆಯೇ ಏಳನೇ ಕ್ಲಾಸಿಗೆ ಶಾಲೆ ಬಿಡಿಸಿದ ಹುಡುಗಿಯ ವಿಷಯ ಊರಿಗೆಲ್ಲ ಗೊತ್ತಿರುತ್ತಿತ್ತು. ಅವಳ ಮನೆಗೆ ಹೋಗಿ ಏಕೆಂದು ಕೇಳುವುದು ಮಾತ್ರ ಯಾರ ಕರ್ತವ್ಯವೂ ಆಗಿರಲಿಲ್ಲ.

ಮೇಲೆ ನೆನಪಿಡಿ ಎಂದ ಪದ ಇಲ್ಲಿ ಬೇಕಾಗಿದೆ. "ಸಂಬಳಕ್ಕೆ ಬಂದು ಕೂತವಳಿಗೆ ನಮ್ಮ ಮಗುವಿನ ಮೇಲೆ ಎಂಥ ಪ್ರೀತಿ?" ಎಂದು ಒಬ್ಬ ತಂದೆ ನಮ್ಮನ್ನು ಕೇಳಿದರು. ನಮಗೆ ತೋರುವುದು ಇದಕ್ಕೆ ವಿರುದ್ಧ. ಸಂಬಳವಿರುವುದರಿಂದಲೇ ಮಗು ಅವರಿಗೆ ಏನೂ ಕೊಡಬೇಕಾಗಿಲ್ಲ. ಕೃತಜ್ಞತೆಯನ್ನೂ ಕೊಡಬೇಕಾಗಿಲ್ಲ. ಅವರು ಮಾರ್ಕು ಹಾಕುವವರಲ್ಲ, ಆದ್ದರಿಂದ ಮೆಚ್ಚಿಸಬೇಕಾಗಿಲ್ಲ. ನೆಂಟರಲ್ಲ, ಆದ್ದರಿಂದ ಮುಂದಿನ ಹಬ್ಬದಲ್ಲಿ ಎದುರಾಗುವ ಹೆದರಿಕೆಯಿಲ್ಲ. ಮಗುವಿನ ಜೀವನದಲ್ಲಿ ಋಣವಿಲ್ಲದ ಕಿವಿ ಅದೊಂದೇ. ಪ್ರೀತಿಯ ಕೆಲಸವನ್ನು ಪ್ರೀತಿಸುವವರು ಮಾಡಲಿ. ಕೆಲವು ಮಾತುಗಳಿಗೆ ಪ್ರೀತಿಯೇ ಅಡ್ಡ ಬರುತ್ತದೆ, ಅಲ್ಲಿ ಇವರು ಬೇಕು.

ನಾವು ಕಂಡ ಒಂದು ಸಂಗತಿ ಹೇಳುತ್ತೇವೆ. ಗುರುತು ಸಿಗಬಾರದೆಂದು ಎರಡು ಮೂರು ಮನೆಗಳ ವಿವರ ಬೆರೆಸಿದ್ದೇವೆ; ಇದು ಯಾರ ಮನೆ ಎಂದು ಊಹಿಸುವ ಶ್ರಮ ಬೇಡ. ಸೆಕೆಂಡರಿ ಒಂದರಲ್ಲಿ ಓದುವ ಹುಡುಗಿ. ಪಿಆರ್ ಪಡೆದ ಕುಟುಂಬ. ತಂದೆಗೆ ಕೆಲಸ ಹೋಯಿತು. ಆತ ಎಂದಿನಂತೆ ಬೆಳಿಗ್ಗೆ ಇಸ್ತ್ರಿ ಷರ್ಟು ಹಾಕಿ, ಬ್ಯಾಗು ಹಿಡಿದು ಎಂಆರ್‌ಟಿ ಸ್ಟೇಷನ್ನಿನ ಕಡೆಗೆ ಹೊರಡುವುದು, ಸಂಜೆಯವರೆಗೆ ಲೈಬ್ರರಿಯಲ್ಲಿ ಕೂತು ಅರ್ಜಿ ಹಾಕುವುದು. ಅಕ್ಕಪಕ್ಕದವರಿಗೆ, ಸಂಘದವರಿಗೆ, ಊರಿನಲ್ಲಿ ಅವರ ತಾಯಿಗೆ, ಯಾರಿಗೂ ತಿಳಿಯಬಾರದು. ರಾತ್ರಿಯ ಪಿಸುಮಾತಿನಿಂದ ಹುಡುಗಿಗೆ ತಿಳಿದುಹೋಯಿತು. ಅಮ್ಮ ಕೈಯಲ್ಲಿ ಕೈ ಇಡಿಸಿಕೊಂಡು ಹೇಳಿದರು: "ಪುಟ್ಟಿ, ಯಾರ ಹತ್ರಾನೂ ಬಾಯಿ ಬಿಡಬೇಡ. ಅಜ್ಜಿ ಹತ್ರ ಫೋನಲ್ಲಿ ಕೂಡ. ಅಪ್ಪನ ಮರ್ಯಾದೆ ನಿನ್ನ ಕೈಲಿದೆ." ಹದಿಮೂರು ವರ್ಷದ ಕೈ ಅದು. ತಿಂಗಳೊಳಗೆ ಹೊಟ್ಟೆನೋವು ಬಂತು. ರಕ್ತ ಪರೀಕ್ಷೆ, ಸ್ಕ್ಯಾನ್ ಎಲ್ಲ ಸರಿಯಾಗಿದ್ದವು. ಶಾಲೆಗೆ ರಜೆ ಹೆಚ್ಚಾಯಿತು. ಕೌನ್ಸೆಲರ್ ಕರೆಸಿದರು. ಮೊದಲ ಎರಡು ಸಲ ಹುಡುಗಿ ಗಣಿತ ಕಷ್ಟ ಎಂದಳು. ಮೂರನೆಯ ಸಲ ಅತ್ತಳು.

ಕೌನ್ಸೆಲರ್ ಕೂಡಲೇ ಮನೆಗೆ ಫೋನ್ ಮಾಡಲಿಲ್ಲ. ಹುಡುಗಿಯನ್ನೇ ಕೇಳಿದರು, "ನನಗೆ ಗೊತ್ತಾಗಿದೆ ಎಂದು ಅಮ್ಮನಿಗೆ ಯಾರು ಹೇಳೋಣ, ನೀನಾ, ನಾನಾ, ಇಬ್ಬರೂ ಒಟ್ಟಿಗೆಯಾ?" ಒಟ್ಟಿಗೆ ಎಂದಾಯಿತು. ಅಮ್ಮ ಬಂದರು, ಕೇಳಿದರು, ಶಾಲೆಯಲ್ಲಿ ಏನೂ ಮಾತನಾಡಲಿಲ್ಲ. ಮನೆಗೆ ಬಂದ ಮೇಲೆ ಮಗಳ ಮೇಲೆ ಹರಿಹಾಯ್ದರು: "ಮನೆ ಮಾನ ಕಳೆದೆ." ಸಂಬಳದ ವಿಷಯದಲ್ಲಿ ಶಾಲೆ ಮಾಡುವಂಥದ್ದು ಹೆಚ್ಚೇನಿರಲಿಲ್ಲ, ಶಿಕ್ಷಣ ಇಲಾಖೆಯ ಹಣಕಾಸಿನ ನೆರವು ಇಲ್ಲಿನ ಪ್ರಜೆಗಳಿಗೆ ಮಾತ್ರ. ಆದದ್ದು ಇಷ್ಟೇ: ಫ್ಯಾಮಿಲಿ ಸರ್ವಿಸ್ ಸೆಂಟರಿನ ಒಬ್ಬರು ತಂದೆಯನ್ನು ಎರಡು ಮೂರು ಸಲ ಕಂಡರು, ಆತ ಬ್ಯಾಗು ಹಿಡಿದು ಹೊರಡುವ ನಾಟಕ ನಿಲ್ಲಿಸಿ ಮನೆಯಲ್ಲೇ ಕೂತು ಅರ್ಜಿ ಹಾಕತೊಡಗಿದರು, ಮಧ್ಯಾಹ್ನ ಮಗಳು ಬರುವ ಹೊತ್ತಿಗೆ ಅನ್ನ ಮಾಡಿಟ್ಟಿರುತ್ತಿದ್ದರು. ಹೊಟ್ಟೆನೋವು ಒಂದೂವರೆ ತಿಂಗಳಲ್ಲಿ ಕಡಿಮೆಯಾಯಿತು. ಕೆಲಸ ಸಿಕ್ಕಿದ್ದು ಅದಾಗಿ ಎಷ್ಟೋ ತಿಂಗಳ ಮೇಲೆ. ತಾಯಿಗೆ ಆ ಕೌನ್ಸೆಲರರನ್ನು ಕಂಡರೆ ಇವತ್ತಿಗೂ ಆಗುವುದಿಲ್ಲ.

ಹುಡುಗಿ ಮನೆಗೆ ದ್ರೋಹ ಮಾಡಿದಳೇ? ನಾವು ಇದನ್ನು ಬಹಳ ಯೋಚಿಸಿದ್ದೇವೆ. ಮಾತು ಕೊಟ್ಟು ಮುರಿದದ್ದು ನಿಜ. ಆದರೆ ಗುಟ್ಟನ್ನು ಕಾಯುವ ಧರ್ಮ ಹುಟ್ಟುವುದು, ಅದನ್ನು ಹೊರಲು ಒಪ್ಪಿಕೊಂಡವನಿಗೆ. ವೈದ್ಯರಾದ ನಾವು ರೋಗಿಯ ಗುಟ್ಟು ಕಾಯುತ್ತೇವೆ, ಏಕೆಂದರೆ ತಿಳಿದು ಆ ಹೊರೆಗೆ ಹೆಗಲು ಕೊಟ್ಟಿದ್ದೇವೆ. ಗಂಡ ಹೆಂಡತಿ ಪರಸ್ಪರರ ಗುಟ್ಟು ಕಾಯುತ್ತಾರೆ, ಅದೂ ಒಪ್ಪಿಗೆಯ ಹೊರೆ. ಮಗುವನ್ನು ಯಾರೂ ಕೇಳುವುದಿಲ್ಲ, ಹೇರುತ್ತೇವೆ. ಹೊಟ್ಟೆಪಾಡಿಗೆ ಮಗುವಿನ ತಲೆಯ ಮೇಲೆ ಇಟ್ಟಿಗೆ ಹೊರಿಸಿದರೆ ನಮಗೆ ತಪ್ಪೆಂದು ಕಾಣುತ್ತದೆ, ಕಾನೂನೂ ಇದೆ. ಮರ್ಯಾದೆಗಾಗಿ ದೊಡ್ಡವರ ಗುಟ್ಟು ಹೊರಿಸುವುದು ಅದಕ್ಕಿಂತ ಬಹಳ ಬೇರೆಯೇ? ಸಂಸಾರದ ಗುಟ್ಟು ಸಂಸಾರದ ಸೊತ್ತಾದರೆ, ಆ ಸಂಸಾರದಲ್ಲಿ ಮಗುವಿಗೂ ಪಾಲಿದೆ. ತನ್ನ ಪಾಲಿನ ನೋವನ್ನು ನಂಬಿಕೆಯ ಒಬ್ಬರಿಗೆ ಹೇಳಿಕೊಳ್ಳಲು ಅದಕ್ಕೆ ಯಾರ ಅಪ್ಪಣೆಯೂ ಬೇಡ ಎಂಬುದು ನಮ್ಮ ತೀರ್ಮಾನ. ಒಬ್ಬರಿಗೆ ಹೇಳಿದ್ದು ಊರಿಗೆ ರಟ್ಟಾದಂತಲ್ಲ.

ಎದುರು ವಾದಗಳೂ ಇವೆ. ಕೆಲವು ಗಟ್ಟಿಯಾದವೇ. ಚೀನೀ ಅಥವಾ ಮಲಯ್ ಹುಡುಗಿಯೊಬ್ಬಳು, ಇಪ್ಪತ್ತಾರರ ಪ್ರಾಯದವಳು, ನಮ್ಮ ಮನೆಯ ರೀತಿ ಅವಳಿಗೆ ಏನು ತಿಳಿಯುತ್ತದೆ ಎನ್ನುತ್ತಾರೆ. ಪೂರ್ತಿ ತಿಳಿಯುವುದಿಲ್ಲ. ಹತ್ತು ವರ್ಷದ ಮಗ ಅಜ್ಜಿಯ ಪಕ್ಕದಲ್ಲಿ ಮಲಗುವುದು, ಅಡುಗೆಮನೆಗೆ ಮಡಿ, ಸೋದರತ್ತೆಯ ಮಾತಿಗೆ ಅಷ್ಟು ಬೆಲೆ, ಇವನ್ನು ಬಿಡಿಸಿ ಹೇಳಬೇಕಾಗುತ್ತದೆ. ಹೇಳಿದರೆ ಕೇಳುತ್ತಾರೆ, ಬರೆದುಕೊಳ್ಳುತ್ತಾರೆ. ಮತ್ತು ಒಂದು ಅನುಕೂಲವನ್ನು ಮರೆಯಬಾರದು: ಅವರಿಗೆ ದಾವಣಗೆರೆಯಲ್ಲಿರುವ ನಿಮ್ಮ ಷಡ್ಡಕನ ಪರಿಚಯವಿಲ್ಲ. ಅವರೇ ಕನ್ನಡದವರಾಗಿದ್ದರೆ ಮುಂದಿನ ರಾಜ್ಯೋತ್ಸವದಲ್ಲಿ ಬಿಸಿಬೇಳೆಬಾತಿನ ಸಾಲಿನಲ್ಲಿ ನಿಮ್ಮ ಹಿಂದೆಯೇ ನಿಂತಿರುತ್ತಿದ್ದರು.

ಗೋಪ್ಯಕ್ಕೆ ಮಿತಿಯಿದೆ ಎಂಬುದನ್ನೂ ತಿಳಿದಿರಬೇಕು. ಮಗು ತನ್ನ ಜೀವಕ್ಕೆ ಅಪಾಯ ಮಾಡಿಕೊಳ್ಳುವ ಸೂಚನೆ ಇದ್ದರೆ, ಅಥವಾ ಯಾರಾದರೂ ಮಗುವಿಗೆ ಹಿಂಸೆ ಕೊಡುತ್ತಿದ್ದರೆ, ಅವರು ಸುಮ್ಮನಿರುವಂತಿಲ್ಲ, ನಾವೂ ಸುಮ್ಮನಿರುವಂತಿಲ್ಲ. ಮೊದಲ ಭೇಟಿಯಲ್ಲೇ ಇದನ್ನು ಮಗುವಿಗೆ ಹೇಳಿಯೇ ಶುರುಮಾಡುವುದು ಈ ವೃತ್ತಿಯ ಕ್ರಮ. ಜೀವದ ಮಾತು ಬಂದಾಗ ಪೊಲೀಸಿನ ಭಯದಿಂದ ಮುಚ್ಚಿಡುವವರು ಈಗಲೂ ಇದ್ದಾರೆ. ಆತ್ಮಹತ್ಯೆಯ ಪ್ರಯತ್ನ ಇಲ್ಲಿ 2020ರ ಜನವರಿ 1ರಿಂದ ಅಪರಾಧವಲ್ಲ. ಆ ಹೆದರಿಕೆ ಬಿಟ್ಟು ಕೂಡಲೇ ನೆರವು ಕೇಳಬೇಕು. ಸಮಾರಿಟನ್ಸ್ ಸಂಸ್ಥೆಯ 1767ಕ್ಕೆ ಹಗಲು ರಾತ್ರಿ ಫೋನ್ ಮಾಡಬಹುದು. ಊರಿನಲ್ಲಿರುವ ನಿಮ್ಮ ಅಣ್ಣತಮ್ಮಂದಿರ ಮಕ್ಕಳಿಗೆ ಮಕ್ಕಳ ಸಹಾಯವಾಣಿ 1098 ಇದೆ, 2022ರಿಂದ ಟೆಲಿ ಮಾನಸ್ 14416 ಇದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ವಾರದಲ್ಲಿ ಈ ಅಂಕಿಗಳನ್ನು ಅವರಿಗೆ ಕಳಿಸಿಕೊಡಿ.

ನಮ್ಮನ್ನು ಹೆಚ್ಚು ಕಾಡುವ ಆಕ್ಷೇಪ ಬೇರೆ. ಇವರು ಬದಲಾಗುತ್ತಾರೆ. ಎಂಟು ತಿಂಗಳು ಹಿಡಿದು ಒಂದು ಮಗು ಬಾಯಿ ತೆರೆದ ಹೊತ್ತಿಗೆ ಅವರು ಬೇರೆ ಶಾಲೆಗೋ ಬೇರೆ ಕೆಲಸಕ್ಕೋ ಹೋಗುತ್ತಾರೆ. ಹೊಸಬರು ಬಂದು "ಮೊದಲಿಂದ ಹೇಳು" ಎನ್ನುತ್ತಾರೆ. ಒಂದು ಶಾಲೆಯ ತುಂಬ ಮಕ್ಕಳು, ಕೌನ್ಸೆಲರ್ ಒಬ್ಬಿಬ್ಬರು. ಇದಕ್ಕೆ ನಮ್ಮಲ್ಲಿ ಉತ್ತರವಿಲ್ಲ. ಇನ್ನೊಂದು ಕಡೆ, "ಕೌನ್ಸೆಲರ್ ನೋಡ್ಕೋತಾರೆ ಬಿಡಿ" ಎಂದು ಕೈ ತೊಳೆದುಕೊಳ್ಳುವ ಪೋಷಕರನ್ನೂ ಕಾಣುತ್ತೇವೆ. ವಾರಕ್ಕೆ ಮುಕ್ಕಾಲು ಗಂಟೆ ಕೇಳುವವರು ಉಳಿದ ಗಂಟೆಗಳ ಲೆಕ್ಕ ಕೊಡಲಾರರು.

ನಮ್ಮಲ್ಲಿ ಸಂಬಳ ಪಡೆಯುವವರು ತಿಂಗಳ ಚೀಟಿಯನ್ನು ಒಮ್ಮೆ ತೆಗೆದು ನೋಡಿ. ಸಿಂಡಾ ನಿಧಿ ಎಂದು ಕೆಲವು ಡಾಲರ್ ಮುರಿದುಕೊಂಡಿರುತ್ತಾರೆ. 1991ರಲ್ಲಿ ಸ್ಥಾಪನೆಯಾದ ಸಿಂಡಾ, ಭಾರತೀಯ ಮೂಲದ ಮಕ್ಕಳ ಓದಿಗೆ ಮತ್ತು ಕುಟುಂಬಗಳಿಗೆ ನೆರವಾಗುವ ಸಂಸ್ಥೆ. ಟ್ಯೂಷನ್ ತರಗತಿಗಳ ಜೊತೆಗೆ ಅಲ್ಲಿ ಸೋಷಿಯಲ್ ವರ್ಕರುಗಳೂ ಇದ್ದಾರೆ. ಎಂಪ್ಲಾಯ್‌ಮೆಂಟ್ ಪಾಸಿನವರ ಸಂಬಳದಿಂದಲೂ ಹಣ ಹೋಗುತ್ತದೆ. ಅದು "ಬೇರೆಯವರ ಮಕ್ಕಳಿಗೆ" ಎಂದು ಧಾರಾಳವಾಗಿ ಬಿಟ್ಟುಬಿಡುತ್ತೇವೆ. ಕೊಡುವ ಕೈ ನಮ್ಮದು, ಪಡೆಯುವ ಕೈ ಬೇರೆಯವರದು ಎಂಬ ಹಮ್ಮು ಇದರಲ್ಲಿ ಸ್ವಲ್ಪ ಇದೆ. ಮಗುವಿನ ಸಂಕಟಕ್ಕೆ ಸಂಬಳದ ಚೀಟಿ ಗೊತ್ತಾಗುವುದಿಲ್ಲ.

ಸಂಘದ ಕಾರ್ಯಕಾರಿ ಸಮಿತಿಗೆ ನಮ್ಮ ಸೂಚನೆ ಇದು. ಯುಗಾದಿಗೆ ಹಾಡು, ನಾಟಕ ಇರಲಿ. ವರ್ಷಕ್ಕೊಂದು ಶನಿವಾರ ಒಬ್ಬ ಸ್ಕೂಲ್ ಕೌನ್ಸೆಲರನ್ನೋ ಸೋಷಿಯಲ್ ವರ್ಕರನ್ನೋ ಕರೆದು ಎರಡು ಗಂಟೆ ಮಾತನಾಡಿಸೋಣ. ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಹಾಕಲಿ. ಚಹಾದ ವ್ಯವಸ್ಥೆ ನಾವು ನೋಡಿಕೊಳ್ಳುತ್ತೇವೆ.

ಅಷ್ಟರೊಳಗೆ ಯಾರ ಮನೆಗಾದರೂ ಶಾಲೆಯ ಕರೆ ಬಂದಿದ್ದರೆ, ಉತ್ತರಿಸದೆ ದಿನ ತಳ್ಳಬೇಡಿ. ಸಾಧ್ಯವಾದರೆ ಇಬ್ಬರೂ ಹೋಗಿ. ಅಪ್ಪನಿಗೆ ಆಫೀಸು ಬಿಡಲಾಗದಿದ್ದರೆ ಬೆಳಿಗ್ಗೆ ಏಳೂವರೆಗೆ ಸಮಯ ಕೊಡುತ್ತೀರಾ ಎಂದು ಕೇಳಿ. ಮನೆಯಲ್ಲಿ ಆಡುವ ಭಾಷೆ ಕನ್ನಡ ಎಂದು ಹೇಳಿ, ಶಾಲೆಯ ಕಾಗದದಲ್ಲಿ ಅದು ಹೆಚ್ಚಾಗಿ ಇರುವುದಿಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ ಮಗುವಿನ ಪಕ್ಕ ಕುಳಿತು "ಅವರ ಹತ್ರ ಇನ್ನೂ ಏನೇನು ಹೇಳಿದ್ದೀಯ?" ಎಂದು ವಿಚಾರಣೆ ಮಾಡಬೇಡಿ. ಹಸಿವಾಗಿದೆಯೇ ಎಂದು ಕೇಳಿ.